ಸಾವಿನ ಮನೆಗೆ ಹೆಪ್ಪು ಒಯ್ಯುವ ತಫೀದಾ

ಚಳಿಗಾಲದ ಕೊನೆಯ ಅಮ್ಶೀರ್ ತಿಂಗಳ ಗಾಳಿ ಇರುಳೆಲ್ಲ ಬೀಸಿ ಬೆಳಗಿನ ಜಾವಕ್ಕೆ ತುಸು ತಗ್ಗಿದೆ. ಕಬ್ಬಿನ ಕಟಾವು ಅರ್ಧಕ್ಕೆ ಬಂದಿದೆ. ಕಡಿದ ಗದ್ದೆಗಳಲ್ಲಿ ಕಬ್ಬಿನ ಒಣಗರಿ ಸುಟ್ಟ ವಾಸನೆ ಮಂಜಿನ ಜೊತೆ ನೆಲ ಹಿಡಿದು ನಿಂತಿದೆ. ಕಾಲುವೆ ಏರಿಯ ಮೇಲೆ ಕಬ್ಬು ಹೊತ್ತ ಒಂಟೆಗಳು ಒಂದರ ಹಿಂದೊಂದು ತೂಕದ ಕಟ್ಟೆಯತ್ತ ಹೊರಟಿವೆ. ಅವುಗಳಿಗೆ ದಾರಿ ಬಿಟ್ಟು, ಅಂಚಿನ ಹುಲ್ಲು ತುಳಿಯುತ್ತ ತಫೀದಾ ನಡೆಯುತ್ತಿದ್ದಾರೆ. ಅರವತ್ತು ದಾಟಿದ ಹೆಂಗಸು. ನಡೆಯುವಾಗ ಎಡಗೈ ಬೀಸುತ್ತದೆ, ಬಲಗೈ ಬೀಸುವುದಿಲ್ಲ. ಕರಿ ಹೊದಿಕೆಯ ಒಳಗೆ ಅದು ಏನನ್ನೋ ಎದೆಗೆ ಒತ್ತಿ ಹಿಡಿದಿದೆ.

ಅದು ಹೆಪ್ಪು. ಹಾಲಿಗೆ ಹಾಕುವುದಲ್ಲ, ರೊಟ್ಟಿಯ ಹಿಟ್ಟಿಗೆ ಹಾಕುವುದು. ಹಿಂದಿನ ಸಲ ನಾದಿದ ಹಿಟ್ಟಿನಿಂದ ಮುರಿದಿಟ್ಟು, ಹುಳಿಯಲು ಬಿಟ್ಟ ಒಂದು ಮುದ್ದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಒಣಬಟ್ಟೆ ಸುತ್ತಿ, ಅಂಗಿಯ ಒಳಗೆ ಇಟ್ಟುಕೊಂಡಿದ್ದಾರೆ. "ಚಳಿ ತಾಗಿದ್ರೆ ಮುನಿಸ್ಕೊಳ್ತದೆ ಇದು. ಮಗೂನ ಎತ್ಕೊಂಡ ಹಂಗೇ ಎತ್ಕೋಬೇಕು. ಅಳಲ್ಲ ಅನ್ನೋದೊಂದೇ ವ್ಯತ್ಯಾಸ" ಅನ್ನುತ್ತಾರೆ.

ನಜಾ ದೋಮ್ ನೈಲ್ ನದಿಯ ಪಡುವಣ ದಡದ ಊರು. ಇಲ್ಲಿ ಎಲ್ಲರೂ ತಿನ್ನುವುದು ಬಿಸಿಲು ರೊಟ್ಟಿ. ನಾದಿದ ಹಿಟ್ಟನ್ನು ಮಣ್ಣಿನ ತಟ್ಟೆಗಳ ಮೇಲೆ ತವುಡು ಉದುರಿಸಿ ಇಟ್ಟು, ಬಿಸಿಲಿನಲ್ಲಿ ಉಬ್ಬಿಸಿ, ಮಣ್ಣಿನ ಗೂಡೊಲೆಯಲ್ಲಿ ಬೇಯಿಸುತ್ತಾರೆ. ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಹೆಪ್ಪಿನ ಮಡಕೆ. ಸಾವಾದ ಮನೆಯಲ್ಲಿ ನಲವತ್ತು ದಿನ ಒಲೆ ಹಚ್ಚುವುದಿಲ್ಲ. ನೆಂಟರಿಷ್ಟರು ಸರದಿ ಹಾಕಿಕೊಂಡು ರೊಟ್ಟಿ ಕಳಿಸುತ್ತಾರೆ. ಅಷ್ಟರಲ್ಲಿ ಆ ಮನೆಯ ಹೆಪ್ಪು ಬೂದು ಬಣ್ಣಕ್ಕೆ ತಿರುಗಿ ಸತ್ತುಹೋಗುತ್ತದೆ. ಹೊಸ ಹೆಪ್ಪು ಬೇಕು, ಆದರೆ ಸಾವಿನ ಮನೆಯವರು ಕೇಳುವ ಹಾಗಿಲ್ಲ. ಪಕ್ಕದ ಮನೆಯವರು ಗೋಡೆಯ ಮೇಲಿಂದ ದಾಟಿಸುವ ಹಾಗೂ ಇಲ್ಲ. ಬೆಳಗಿನ ಜಾವದಲ್ಲಿ ಯಾರಾದರೂ ಅದನ್ನು ಮೈಗೆ ಅಪ್ಪಿಕೊಂಡು ತಂದು, ಹೊಸ್ತಿಲ ಹೊರಗೆ ನಿಂತು, ಸತ್ತವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು.

ಆ ನಲವತ್ತು ದಿನ ಮನೆಯೊಳಗೆ ಯಾರೂ ಹೆಸರು ಎತ್ತಿರುವುದಿಲ್ಲ. ಹೋದವರು, ಆ ಮನುಷ್ಯ, ಮಕ್ಕಳ ಅಪ್ಪ ಅನ್ನುತ್ತಾರೆ. ನೋವಿಗೆ ಹೆದರಿ ಸುತ್ತು ಬಳಸುತ್ತಾರೆ. ಆ ಹೆಸರನ್ನು ಮನೆಯ ಗಾಳಿಗೆ ತಿರುಗಿ ಬಿಡುವುದು ತಫೀದಾ ಅವರ ಕೆಲಸ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಊರಿನ ಎಲ್ಲ ಸಾವಿನ ಹೆಸರುಗಳನ್ನೂ ಬಾಗಿಲುಗಳಲ್ಲಿ ನಿಂತು ಹೇಳಿದವರು ಅವರೇ. ಅವರ ಬಾಗಿಲಿಗೆ ಬಂದು ಯಾರೂ ಹೇಳದೆ ಉಳಿದ ಹೆಸರು ಒಂದಿದೆ. ಅದು ಅವರ ಮಗಳು ನಜಾತಳದು.

ಇಂದು ಅವರು ಹೊರಟಿರುವುದು ರಿಫಾಯಿಯ ಮನೆಗೆ. ಕಬ್ಬಿನ ಟ್ರೇಲರ್ ಕಾಲುವೆ ತಿರುವಿನಲ್ಲಿ ಮಗುಚಿ ಅವನು ಸತ್ತು ನಲವತ್ತು ದಿನ ನಿನ್ನೆಗೆ ತುಂಬಿದೆ. ಮನೆಯಲ್ಲಿ ಅವನ ತಾಯಿ ಸಕೀನಾ ಇದ್ದಾರೆ, ಹೆಂಡತಿ ಬಹಿಯ್ಯಾ ಇದ್ದಾಳೆ. ಬಾಗಿಲು ಅರೆ ತೆರೆದಿದೆ. ತಫೀದಾ ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೆ ನಿಂತು, ಒಳಗಿನ ಕೋಣೆಯ ಗೋಡೆಗೆ ಮುಟ್ಟುವಂತೆ ಹೇಳುತ್ತಾರೆ:

"ರಿಫಾಯಿ. ಅವನ ಮೇಲೆ ದೇವರ ಕರುಣೆ ಇರ್ಲಿ."

ಆಮೇಲೆ ಸಕೀನಾ ಬಾಗಿಲಿಗೆ ಬರುತ್ತಾರೆ. ಊರಿನಲ್ಲಿ ನಾಲಿಗೆಗೆ ಹೆಸರಾದವರು.

"ಬಂದ್ಯಾ. ನಿನ್ನ ಕಾಲು ನನ್ನ ಹೊಸ್ತಿಲಿಗೆ ಬೀಳದೇ ಇರ್ಲಿ ಅಂತ ವರ್ಷವರ್ಷಾನೂ ಬೇಡ್ಕೊಂಡಿದ್ದೆ."

"ನಾನೂ ಬೇಡ್ಕೊಂಡಿದ್ದೆ ಸಕೀನಾ" ಅನ್ನುತ್ತ ತಫೀದಾ ಒಳಗೆ ಹೋಗುತ್ತಾರೆ. "ನಮ್ಮಿಬ್ಬರದ್ದೂ ಕೇಳಿಸ್ಲಿಲ್ಲ ಮೇಲಿನೋನಿಗೆ. ಹಿಟ್ಟು ಎಲ್ಲಿಟ್ಟಿದೀಯ?"

ಅಂಗಳದಲ್ಲಿ ಅಗಲ ಬಾಯಿಯ ಮಣ್ಣಿನ ಬೋಗುಣಿ ತಂದಿಡುತ್ತಾರೆ. ಗೋಧಿ ಹಿಟ್ಟು, ಬೆಚ್ಚಗಿನ ನೀರು, ಉಪ್ಪು. ಬಹಿಯ್ಯಾ ಒಂದು ಕಡೆ ಕೂರುತ್ತಾಳೆ, ಸಕೀನಾ ಇನ್ನೊಂದು ಕಡೆ. ಇಬ್ಬರ ಕಣ್ಣೂ ಬೋಗುಣಿಯ ಮೇಲೆಯೇ. ರಿಫಾಯಿ ಸತ್ತ ದಿನದಿಂದ ಈ ಅತ್ತೆ ಸೊಸೆ ಅಗತ್ಯದ ಮಾತು ಬಿಟ್ಟು ಬೇರೆ ಆಡಿಲ್ಲ ಅನ್ನುವುದು ಬೀದಿಗೆಲ್ಲ ಗೊತ್ತು. ಇವಳಿಗೇನು, ಚಿಕ್ಕ ವಯಸ್ಸು, ಗಂಡ ಸತ್ತವಳು ಕಾಯುವ ಅವಧಿ ಮುಗಿದರೆ ತವರಿಗೆ ಹೋಗುತ್ತಾಳೆ, ಇನ್ನೊಬ್ಬ ಸಿಕ್ಕಾನು ಅಂತ ಅತ್ತೆ. ಇವರಿಗೇನು, ಇನ್ನೂ ಮೂವರು ಗಂಡುಮಕ್ಕಳಿದ್ದಾರೆ ಅಂತ ಸೊಸೆ. ಒಂದೇ ಗೋಡೆಯ ಆಚೆ ಒಬ್ಬರು ಈಚೆ ಒಬ್ಬರು ಅತ್ತಿದ್ದಾರೆ.

ತಫೀದಾ ಎಲ್ಲ ಮನೆಗಳಲ್ಲೂ ಕೇಳುವ ಮಾತನ್ನು ಇಲ್ಲೂ ಕೇಳುತ್ತಾರೆ. "ರಿಫಾಯಿಗೆ ರೊಟ್ಟಿ ಹೆಂಗಿದ್ರೆ ಆಗ್ತಿತ್ತು?"

"ಕಿವಿ" ಅನ್ನುತ್ತಾರೆ ಸಕೀನಾ ತಡಮಾಡದೆ. ಬಿಸಿಲು ರೊಟ್ಟಿ ಉಬ್ಬುವ ಮೊದಲು ಅದರ ಅಂಚನ್ನು ಅಲ್ಲಲ್ಲಿ ಸೀಳುತ್ತಾರೆ. ಬೆಂದಾಗ ಆ ಸೀಳುಗಳು ಕಿವಿಯ ಹಾಗೆ ಹೊರಗೆ ನಿಲ್ಲುತ್ತವೆ. "ಕಿವಿ ಕರಕಲಾಗಿರ್ಬೇಕು ಅವನಿಗೆ. ಒಲೆಯಿಂದ ತೆಗೆದಿದ್ದೇ ಮುರ್ಕೊಂಡು ಜೋನಿಬೆಲ್ಲದಲ್ಲಿ ಅದ್ದಿ ತಿನ್ನೋನು. ಚಿಕ್ಕೋನಿದ್ದಾಗಿಂದ."

"ಅವರು ಕಿವಿ ತಿಂತಿರ್ಲಿಲ್ಲ" ಅನ್ನುತ್ತಾಳೆ ಬಹಿಯ್ಯಾ.

"ಹೆತ್ತೋಳು ನಾನು."

"ಮುರಿದು ನನ್ನ ಕಡೆ ತಳ್ತಿದ್ರು ಅತ್ತೆ. ದಿನಾ. ನಾನು ತಿನ್ನೋದನ್ನ ನೋಡ್ಕೊಂಡು ಕೂತಿರ್ತಿದ್ರು."

ಸಕೀನಾ ಬೋಗುಣಿಯ ಹಿಟ್ಟಿಗೆ ಕೈ ಹಾಕುತ್ತಾರೆ. ಅಷ್ಟು ಇಷ್ಟದ್ದನ್ನು ಮಗ ಇನ್ನೊಬ್ಬಳ ತಟ್ಟೆಗೆ ಹಾಕುತ್ತಿದ್ದ ಅನ್ನುವುದು ಅವರಿಗೆ ಈಗ ತಿಳಿಯುತ್ತಿದೆ. ಅದು ಅವನಿಗೆ ಇಷ್ಟದ್ದು ಅನ್ನುವುದು ಬಹಿಯ್ಯಾಗೂ ಈಗಲೇ ತಿಳಿಯುತ್ತಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಾಗುತ್ತಾಳೆ. ಸಕೀನಾ ಸೊಸೆಯ ಬೆನ್ನಿನ ಮೇಲೆ ಕೈ ಇಡಲು ಹೋಗಿ, ಹಿಟ್ಟಿನ ಕೈ ಅಂತ ಹಿಂದೆ ತೆಗೆದು, ಮತ್ತೆ ಇಡುತ್ತಾರೆ. ಕರಿ ಬಟ್ಟೆಯ ಮೇಲೆ ಐದು ಬೆರಳ ಬಿಳಿ ಗುರುತು ಮೂಡುತ್ತದೆ.

"ಎರಡೂ ಅವನೇ. ನಾದಿ" ಅನ್ನುತ್ತಾರೆ ತಫೀದಾ. ಬಟ್ಟೆ ಬಿಚ್ಚಿ ಹೆಪ್ಪನ್ನು ಬೋಗುಣಿಗೆ ಹಾಕುತ್ತಾರೆ. ನಾಲ್ಕು ಕೈ ಒಂದೇ ಹಿಟ್ಟಿನೊಳಗೆ ಇಳಿಯುತ್ತವೆ.

ತಪ್ಪಾದದ್ದು ಅಲ್ಲಿ. ಹೆಪ್ಪು ಹಾಕುವ ಮೊದಲು ಅರ್ಧ ಮುರಿದು ಬಟ್ಟೆಗೆ ವಾಪಸು ಸುತ್ತಿಕೊಳ್ಳಬೇಕು. ಆ ಅರ್ಧ ತಫೀದಾ ಅವರ ಮಡಕೆಗೆ ತಿರುಗಿ ಹೋಗಬೇಕು. ಅಷ್ಟು ವರ್ಷ ಒಂದು ಸಲವೂ ಮರೆಯದ ಕೈ ಈ ಬೆಳಿಗ್ಗೆ ಇಡೀ ಮುದ್ದೆಯನ್ನು ಹಾಕಿಬಿಟ್ಟಿದೆ. ಗೊತ್ತಾಗುವ ಹೊತ್ತಿಗೆ ಅದು ಹಿಟ್ಟಿನಲ್ಲಿ ಕಲೆತುಹೋಗಿದೆ. ಸಾವಿನ ಮನೆಯ ಮೊದಲ ಹಸಿ ಹಿಟ್ಟಿನಿಂದ ಏನನ್ನೂ ಹೊರಗೆ ಒಯ್ಯುವಂತಿಲ್ಲ. ಅವರು ಖಾಲಿ ಬಟ್ಟೆಯನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡು ನೋಡಿ, ಮಡಿಸಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ಸಕೀನಾ ಗಮನಿಸುವುದಿಲ್ಲ. ಬಹಿಯ್ಯಾ ತಲೆ ಎತ್ತಿ ಆ ಬಟ್ಟೆಯನ್ನು ನೋಡುತ್ತಾಳೆ.

ಮಾಳಿಗೆಯ ಮೇಲೆ ಹಿಟ್ಟು ಬಿಸಿಲು ಕಾಯುತ್ತಿರುವಾಗ, ಕೋಳಿ ಓಡಿಸುತ್ತ ಕೂತು, ತಫೀದಾ ತಮ್ಮ ಬಗ್ಗೆ ಒಂದಿಷ್ಟು ಹೇಳುತ್ತಾರೆ. ಅದೂ ಕೇಳಿದ್ದಕ್ಕೆ ಮಾತ್ರ. ಗಂಡ ಖಲಫ್ ಜ್ವರದಲ್ಲಿ ಹೋದಾಗ ಅವರಿಗೆ ಮೂವತ್ತರ ಆಸುಪಾಸು, ಮಗಳು ನಜಾತ್ ಇನ್ನೂ ತೊಡೆ ಬಿಟ್ಟಿರಲಿಲ್ಲ. ಆಗ ಊರಿಗೆ ಹೆಪ್ಪು ಒಯ್ಯುತ್ತಿದ್ದವರು ಝನ್ನೂಬಾ ಎಂಬ ಮುದುಕಿ. ಅವರು ಬಾಗಿಲಿಗೆ ಬಂದು ಖಲಫನ ಹೆಸರು ಹೇಳಿದಾಗ, ಒಳಗೆ ಕೂತಿದ್ದ ತಫೀದಾ, ಗಂಡನನ್ನೇ ಯಾರೋ ಕೂಗಿ ಕರೆದ ಹಾಗಾಗಿ ಎದ್ದು ಓಡಿಬಂದರಂತೆ. ಝನ್ನೂಬಾಗೆ ಕೈ ನಡುಕ ಬಂದ ಮೇಲೆ ಅವರ ಮುದ್ದೆಯನ್ನು ತಫೀದಾ ಹೊತ್ತು ಹೋಗುತ್ತಿದ್ದರು. ಮುದುಕಿ ಹಿಂದೆ ಕೋಲೂರಿಕೊಂಡು ಬಂದು ಹೆಸರು ಹೇಳುತ್ತಿದ್ದರು. ಒಂದು ದಿನ ಹೆಸರು ಹೇಳುವುದೂ ತಫೀದಾ ಪಾಲಿಗೆ ಬಂತು.

ಇದಕ್ಕೆ ಕೂಲಿ ಇಲ್ಲ. ಒಲೆಯಿಂದ ಬಂದ ಮೊದಲ ರೊಟ್ಟಿ ಕೊಡುತ್ತಾರೆ. ಕೆಲವರು ಸಕ್ಕರೆ, ಟೀಪುಡಿ ಕಟ್ಟಿ ಕಳಿಸುತ್ತಾರೆ. ಹೊಟ್ಟೆಪಾಡಿಗೆ ಗಂಡನ ಕಾಲದ ತುಂಡು ನೆಲವನ್ನು ಗುತ್ತಿಗೆಗೆ ಕೊಟ್ಟಿದ್ದಾರೆ, ಆಡುಗಳಿವೆ. ಹೆಪ್ಪು ಕೊಟ್ಟು ಬಂದರೆ ಕೆಲಸ ಮುಗಿಯಿತು ಅಂತಲ್ಲ. ಆ ಮನೆಯವರು ಮುಂದಿನ ಸಲ ರೊಟ್ಟಿ ಮಾಡುವಾಗಲೂ ಹೋಗುತ್ತಾರೆ, ಅದರ ಮುಂದಿನ ಸಲವೂ. ಅವರು ಬೇಡ ಅನ್ನುವ ಹಾಗೆ ಆಗುವ ತನಕ ಬೋಗುಣಿಯ ಪಕ್ಕ ಕೂರುತ್ತಾರೆ.

"ಸಮಾಧಾನ ಹೇಳೋಕೆ ನನಗೆ ಬರಲ್ಲ. ಅದಕ್ಕೆ ಮಸೀದಿ ಶೇಖ್‌ಗಳಿದಾರೆ, ಓದ್ಕೊಂಡೋರು. ನಾನು ರೊಟ್ಟಿ ವಿಷಯ ಕೇಳ್ತೀನಿ. ರೊಟ್ಟಿ ವಿಷಯ ಹೇಳೋಕೆ ಯಾರಿಗಾದ್ರೂ ಬರ್ತದೆ."

ಹಲ್ಲು ಬಾರದ ಕೂಸು ಸತ್ತ ಮನೆಯಲ್ಲಿ ಏನು ಕೇಳಿದಿರಿ ಅಂದರೆ, ಹಾಲು ಕುಡಿಯುವಾಗ ಯಾವ ಕೈಯಲ್ಲಿ ನಿನ್ನ ಅಂಗಿ ಹಿಡಿಯುತ್ತಿತ್ತು ಅಂತ ಕೇಳಿದೆ ಅನ್ನುತ್ತಾರೆ. ಹೆಂಡತಿಯನ್ನು ಹೊಡೆಯುತ್ತಿದ್ದ ಒಬ್ಬನ ಮನೆಗೂ ಹೋಗಿದ್ದರು. ಗಟ್ಟಿ ರೊಟ್ಟಿ ಸಿಕ್ಕರೆ ಎತ್ತಿ ಎಸೆಯುತ್ತಿದ್ದ, ಒಂದು ಸಲ ಪಕ್ಕದ ಮನೆ ಕತ್ತೆಗೆ ಬಿತ್ತು ಅಂತ ಆ ಹೆಂಗಸು ನಕ್ಕಳಂತೆ. ನಗುತ್ತಲೇ ಇದ್ದಳು, ಆಮೇಲೆ ಆ ನಗು ಅಳುವಾಯಿತು. ಯಾಕೆ ಅಳುತ್ತಿದ್ದೇನೆ ಖಾಲಾ ಅಂತ ಅವಳು ಕೇಳಿದ್ದಕ್ಕೆ ತಫೀದಾ, ಇನ್ನೊಂದು ಮುಷ್ಟಿ ಹಿಟ್ಟು ಹಾಕು, ನೀರು ಜಾಸ್ತಿಯಾಗಿದೆ ಅಂದರು.

ಖಾಲಾ ಅಂದರೆ ಚಿಕ್ಕಮ್ಮ, ದೊಡ್ಡಮ್ಮ. ಈಗ ಊರಿನ ಚಿಕ್ಕವರೆಲ್ಲ ಅವರನ್ನು ಕರೆಯುವುದು ಹಾಗೆ. ಮೊದಲು ಉಮ್ ನಜಾತ್ ಅನ್ನುತ್ತಿದ್ದರು, ನಜಾತಳ ಅಮ್ಮ ಅಂತ. ಮಗಳು ಸತ್ತ ಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಮನಸ್ಸು ನೋಯಿಸಬಾರದು ಅಂತ ಬಿಟ್ಟದ್ದು, ಅದು ಅವರಿಗೆ ಗೊತ್ತು.

ನಜಾತಳನ್ನು ನದಿಯಾಚೆಯ ಊರಿಗೆ ಕೊಟ್ಟಿತ್ತು. ಮೂತ್ರಪಿಂಡ ಕೆಟ್ಟು, ಪಟ್ಟಣದ ಆಸ್ಪತ್ರೆಗೆ ಅಲೆದು, ಮೂರು ಅಮ್ಶೀರ್‌ಗಳ ಹಿಂದೆ ಗಂಡನ ಮನೆಯಲ್ಲೇ ತೀರಿಕೊಂಡಳು. ಮಣ್ಣಾದದ್ದೂ ಅಲ್ಲೇ. ಮದುವೆಯಾದ ಹೆಣ್ಣಿನ ಸೂತಕ ಗಂಡನ ಮನೆಯದು. ತಾಯಿಯ ಮನೆಯಲ್ಲಿ ಒಲೆ ಆರಿಸುವ ಪದ್ಧತಿಯಿಲ್ಲ. ಊರಿನವರು ಒಂದು ಸಂಜೆ ಬಂದು ಕೂತು, ಎರಡು ಮಾತಾಡಿ ಹೋದರು. ಆ ವಾರವೇ ಬೇರೆ ಎರಡು ಮನೆಗಳಲ್ಲಿ ನಲವತ್ತು ತುಂಬುತ್ತಿತ್ತು. ತಫೀದಾ ಹಿಟ್ಟು ನಾದಿದರು, ಹೆಪ್ಪು ಉಳಿಸಿಕೊಂಡರು, ಆ ಮನೆಗಳಿಗೆ ಹೊತ್ತುಹೋದರು. ಹೆಪ್ಪು ಸಾಯದ ಮನೆಗೆ ಹೆಪ್ಪು ತರಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

"ಖಾಲಾ ಗಟ್ಟಿ ಅಂತಾರೆ ಎಲ್ಲರೂ. ಗಟ್ಟಿ ಇರೋರ ಮನೆಗೆ ಯಾರೂ ಬರಲ್ಲ."

ಮಗಳ ನಲವತ್ತು ತುಂಬಿದ ದಿನ ಅವರೇ ದೋಣಿ ಹತ್ತಿ ನದಿ ದಾಟಿದರು. ಆಚೆ ದಡದಲ್ಲಿ ಈ ರೂಢಿ ಇಲ್ಲ. ಆದರೂ ಅಳಿಯನ ಹೊಸ್ತಿಲಲ್ಲಿ ನಿಂತು ಸ್ವಂತ ಮಗಳ ಹೆಸರನ್ನು ಗಟ್ಟಿಯಾಗಿ ಹೇಳಿದರು. ಬೀಗಿತ್ತಿ ಮರ್ಯಾದೆಯಿಂದಲೇ ಹೆಪ್ಪು ತೆಗೆದುಕೊಂಡರು. ರೊಟ್ಟಿ ಹೇಗಿದ್ದರೆ ಆಗುತ್ತಿತ್ತು ಅಂತ ತಫೀದಾ ಕೇಳಿದರು, ಅವರು ಹೇಳಿದರು. "ಅಲ್ಲಿ ನಾನು ಕೆಲಸದೋಳಾಗಿ ನಿಂತಿದ್ದೆ. ಅವರು ಅತ್ರು, ನಾನು ನಾದಿದೆ. ದೋಣೀಲಿ ವಾಪಸು ಬರೋವಾಗ, ನನ್ನನ್ನ ಯಾರಾದ್ರೂ ಕೇಳ್ಬೇಕಿತ್ತಲ್ಲ ಅನ್ನಿಸ್ತು."

ಮೂರು ವರ್ಷವಾದರೂ ಆ ಅನ್ನಿಸಿಕೆ ಹೋಗಿಲ್ಲ. ಮಗಳ ಹೆಸರನ್ನು ಅವರು ಮನೆಯಲ್ಲಿ ಒಬ್ಬರೇ ಇದ್ದಾಗ ಹೇಳಿಕೊಂಡು ನೋಡಿದ್ದುಂಟು. ತಮ್ಮ ದನಿ ತಮಗೇ ಕೇಳಿಸಿತು, ಅಷ್ಟೇ. ಹೊರಗಿನಿಂದ ಬರಬೇಕು ಅನ್ನುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ರಿಫಾಯಿಯ ಮನೆಯ ಒಲೆಯಿಂದ ಹೊಗೆ ಏಳುತ್ತದೆ. ಬೀದಿಯವರು ಅದನ್ನು ನೋಡಿ ಸದ್ದಿಲ್ಲದೆ ತಮ್ಮ ಕೆಲಸಕ್ಕೆ ಮರಳುತ್ತಾರೆ. ತಫೀದಾ ಮೊದಲ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬರುತ್ತಾರೆ. ಹೆಪ್ಪಿನ ಮಡಕೆಯ ತಳ ಒಣಗಿದೆ. ಬೆಳಿಗ್ಗೆ ಇದ್ದದ್ದನ್ನೆಲ್ಲ ಕೆರೆದೇ ಒಯ್ದಿದ್ದರು. ಗಂಡ ಸತ್ತಾಗ ಬಿಟ್ಟರೆ, ಈ ಮಡಕೆ ಖಾಲಿಯಾಗಿರುವುದು ಇದೇ ಮೊದಲು.

"ಮರೆತೆನೋ, ಕೈಯೇ ಬೇಡ ಅಂತೋ, ನನಗೆ ಗೊತ್ತಿಲ್ಲ" ಅನ್ನುತ್ತಾರೆ. ಹೋಗಿ ಯಾರ ಮನೆಯಲ್ಲಾದರೂ ಒಂದು ಮುದ್ದೆ ಇಸಿದುಕೊಂಡು ಬರಬಹುದಲ್ಲ ಅಂದರೆ ತಲೆ ಅಲ್ಲಾಡಿಸುತ್ತಾರೆ. "ಈ ಸಲ ಕಾಯ್ತೀನಿ. ಕೇಳಿ ತಗೊಂಡ್ರೆ ಅದು ಬರೀ ಹೆಪ್ಪು."

ಆದರೆ ಎಷ್ಟು ದಿನ ಕಾಯಲು ಆಗುತ್ತದೆ ಅನ್ನುವುದಕ್ಕೆ ಒಂದು ಮಿತಿ ಇದೆ. ಕೆಳಗಿನ ಬೀದಿಯಲ್ಲಿ ಒಬ್ಬ ಮುದುಕ ತೀರಿಕೊಂಡ ಮನೆಯ ನಲವತ್ತು ಬರುವ ವಾರ ತುಂಬುತ್ತದೆ. ಅಷ್ಟರೊಳಗೆ ಯಾರೂ ಬರದಿದ್ದರೆ ಅವರು ಯಾರದೋ ಗೋಡೆಯ ಬಳಿ ಬಟ್ಟಲು ಹಿಡಿಯಲೇಬೇಕು. ಆ ಮನೆಯವರನ್ನು ಕಾಯಿಸುವ ಹಾಗಿಲ್ಲ.

ರೊಟ್ಟಿ ಮಾಡುವ ದಿನ ಬರುತ್ತದೆ, ತಫೀದಾ ಅವರ ಒ‍ಲೆಯಿಂದ ಹೊಗೆ ಬರುವುದಿಲ್ಲ. ಪಕ್ಕದ ಮನೆಯ ಇನ್ಸಾಫ್ ಗೋಡೆಯ ಮೇಲೆ ಕತ್ತು ಚಾಚಿ, ಗೋಧಿ ಮುಗಿಯಿತಾ ಖಾಲಾ ಅಂತ ವಿಚಾರಿಸುತ್ತಾಳೆ. ಹೆಪ್ಪಿಲ್ಲ ಅಂದದ್ದಕ್ಕೆ ಅವಳಿಗೆ ತಡೆಯಲಾರದ ನಗು. ಊರಿಗೆಲ್ಲ ಹಂಚುವವರ ಮನೆಯಲ್ಲೇ ಇಲ್ಲ ಅಂದರೆ ಯಾರು ನಂಬುತ್ತಾರೆ ಅಂತ ಓಡಿಹೋಗಿ ಬಟ್ಟಲಿನಲ್ಲಿ ಒಂದು ಮುದ್ದೆ ತಂದು ಗೋಡೆಯ ಮೇಲಿಡುತ್ತಾಳೆ. ನಾಡಿದ್ದು ವಾಪಸು ಕೊಡಿ ಅನ್ನುತ್ತಾಳೆ. ಒಳ್ಳೆಯ ಹುಡುಗಿ. ಸಂಜೆಗೆ ಬಟ್ಟಲು ಮುಟ್ಟದೆ ಹಾಗೇ ವಾಪಸು ಬಂದಾಗ ಅವಳಿಗೆ ಅರ್ಥವಾಗುವುದಿಲ್ಲ. ಕೈ ನೋವು, ಈ ವಾರ ರೊಟ್ಟಿ ಮಾಡುವುದಿಲ್ಲ ಅಂತ ತಫೀದಾ ಹೇಳಿದ್ದನ್ನು ನಂಬಿ, ತನ್ನ ಒಲೆಯದೇ ನಾಲ್ಕು ರೊಟ್ಟಿ ಕಳಿಸುತ್ತಾಳೆ.

ಸುದ್ದಿ ಬೀದಿಯಲ್ಲಿ ತಮಾಷೆಯಾಗುತ್ತದೆ. ಬೆರಣಿ ತಟ್ಟುವಲ್ಲಿ, ನಲ್ಲಿಯ ಹತ್ತಿರ, ಹೆಪ್ಪಿನ ಖಾಲಾಗೆ ವಯಸ್ಸಾಯಿತು ಅನ್ನುತ್ತಾರೆ. ಸಿಕ್ಕಿದರೆ ಕೀಟಲೆ ಮಾಡುತ್ತಾರೆ, ತಫೀದಾ ತಾವೂ ನಗುತ್ತಾರೆ. ಮನೆಯಲ್ಲಿ ಅವರು ಜಾವಕ್ಕೆ ಏಳುವುದನ್ನು ಬಿಟ್ಟಿಲ್ಲ. ಕಬ್ಬಿನ ಒಂಟೆಗಳ ಗಂಟೆ ದಾಟಿಹೋಗುವ ತನಕ ಬಾಗಿಲ ಒಳಗೆ ಗೋಡೆಗೆ ಒರಗಿ ಕೂತಿರುತ್ತಾರೆ. ಹೊಲದ ಕಡೆ ಹೊರಟವರ ಹೆಜ್ಜೆ ಬಾಗಿಲ ಹತ್ತಿರ ಬಂದು ಮುಂದೆ ಹೋಗುತ್ತದೆ. ಬಿಸಿಲು ಅಂಗಳಕ್ಕೆ ಬಂದ ಮೇಲೆ ಎದ್ದು ಆಡಿಗೆ ಮೇವು ಹಾಕುತ್ತಾರೆ.

ಕೆಳಬೀದಿಯ ಮನೆಯ ನಲವತ್ತಕ್ಕೆ ಎರಡು ದಿನವಿದೆ ಅನ್ನುವಾಗ, ಒಂದು ಬೆಳಿಗ್ಗೆ ಗಾಳಿ ಧೂಳೆಬ್ಬಿಸಿ ಎದುರು ಮನೆ ಕಾಣದ ಹಾಗಾಗಿದೆ. ಬಾಗಿಲ ಹೊರಗೆ ಯಾರೋ ನಾಯಿಯನ್ನು ಬೈಯುತ್ತಿದ್ದಾರೆ. ಬೈಗುಳ ನಿಲ್ಲುತ್ತದೆ. ಕೆಮ್ಮು ಕೇಳಿಸುತ್ತದೆ. ಕೊನೆಗೆ ಒಂದು ಒರಟು ದನಿ, ಅಭ್ಯಾಸವಿಲ್ಲದ್ದರಿಂದ ಬೇಕಾದ್ದಕ್ಕಿಂತ ಜೋರಾಗಿ:

"ನಜಾತ್. ಅವಳ ಮೇಲೆ ದೇವರ ಕರುಣೆ ಇರ್ಲಿ."

ತಫೀದಾ ಏಳುವುದಿಲ್ಲ. ಎದ್ದು ಬಾಗಿಲಿಗೆ ಬರಬೇಕು, ಒಳಗೆ ಕರೆಯಬೇಕು, ಎಲ್ಲ ಮನೆಯವರೂ ಮಾಡುವುದು ಅದನ್ನೇ. ಅವರ ಕೈ ಗೋಡೆಯ ಮೇಲೆ ಆಸರೆ ಹುಡುಕುತ್ತಿದೆ. ಹೊರಗೆ ನಿಂತಿರುವುದು ಸಕೀನಾ.

"ಒಳಗೆ ಬಾ ಅನ್ನೋ ಪದ್ಧತಿ ನಿಮ್ಮನೇಲಿ ಇಲ್ವಾ?"

ತಾವೇ ಬಂದು, ತಾವೇ ಬೋಗುಣಿ ಹುಡುಕಿ ಅಂಗಳಕ್ಕೆ ಎಳೆದುಕೊಂಡು ಕೂರುತ್ತಾರೆ. ಕಳಿಸಿದ್ದು ಸೊಸೆ ಅನ್ನುತ್ತಾರೆ. ಖಾಲಿ ಬಟ್ಟೆಯನ್ನು ಆ ದಿನವೇ ನೋಡಿದ್ದಳಂತೆ. ತನ್ನ ಮನೆಯ ಹೆಪ್ಪು ಎರಡು ಸಲ ಉಬ್ಬಿ ಬಲವಾಗಲಿ ಅಂತ ಕಾದಳಂತೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಅದಕ್ಕೇ ಇವತ್ತು ಜಾವದಲ್ಲಿ ಅತ್ತೆಯನ್ನು ಎಬ್ಬಿಸಿ ಮುದ್ದೆಯನ್ನು ಅವರ ಎದೆಗೆ ಕಟ್ಟಿ ಕಳಿಸಿದ್ದಾಳೆ. ಏನು ಹೇಳಬೇಕು, ಏನು ಕೇಳಬೇಕು ಅಂತ ಎರಡೆರಡು ಸಲ ಒಪ್ಪಿಸಿಕೊಂಡಿದ್ದಾಳೆ. "ನನಗೆ ಪಾಠ ಹೇಳ್ಕೊಡ್ತಾಳೆ" ಅಂತ ಗೊಣಗುತ್ತಾರೆ. ಆ ಗೊಣಗಾಟದಲ್ಲಿ ಹಿಂದಿನ ಖಾರ ಇಲ್ಲ.

ತಫೀದಾ ಎದುರು ಬಂದು ಕೂತಿದ್ದಾರೆ. ಸಕೀನಾ ಹಿಟ್ಟಿಗೆ ನೀರು ಹಾಕುತ್ತ, ಮುಖ ಎತ್ತದೆ ಅನ್ನುತ್ತಾರೆ:

"ರೊಟ್ಟಿ ಹೆಂಗಿದ್ರೆ ಆಗ್ತಿತ್ತು ಅಂತ ನಿನ್ನನ್ನ ಕೇಳ್ಬೇಕಂತೆ. ಆಮೇಲೆ ಕೇಳ್ತೀನಿ. ಮೊದಲು ನಾನು ಹೇಳೋದೊಂದಿದೆ."

ಹೇಳುವುದು ಹಳೆಯ ಸಂಗತಿ. ಸಕೀನಾ ಅವರ ಎಮ್ಮೆ ಮಬ್ರೂಕಾ ಸತ್ತ ವರ್ಷ. ಮನೆ ನಡೆಯುತ್ತಿದ್ದದ್ದೇ ಅದರ ಹಾಲಿನಿಂದ. ಎಮ್ಮೆಗೆ ಅತ್ತರೆ ಜನ ನಗುತ್ತಾರೆ ಅಂತ ಅವರು ಅಳಲಿಲ್ಲ, ಯಾರ ಜೊತೆಯೂ ಮಾತಾಡಲಿಲ್ಲ, ಕೊಟ್ಟಿಗೆಯ ಬಾಗಿಲು ಹಾಕಿ ಅಗಳಿ ಸಿಕ್ಕಿಸಿಬಿಟ್ಟರು. ಕೆಲವು ದಿನವಾದ ಮೇಲೆ ಒಂದು ಬೆಳಿಗ್ಗೆ ಹೊಸ್ತಿಲ ಹೊರಗೆ ನಜಾತ್ ನಿಂತಿದ್ದಳು. ಏಳೋ ಎಂಟೋ ವರ್ಷದವಳು. ಅಮ್ಮ ಯಾರದೋ ಸಾವಿನ ಮನೆಗೆ ಹೋಗಿದ್ದರು. ಅಂಗಿಯೊಳಗೆ ಎದೆಯ ಹತ್ತಿರ ಉಬ್ಬಾಗಿತ್ತು. ಮೇಲಿನ ಬಟ್ಟೆಯೆಲ್ಲ ಕೆಸರು.

"ಮಬ್ರೂಕಾ, ಅವಳ ಮೇಲೆ ದೇವರ ಕರುಣೆ ಇರ್ಲಿ ಅಂದ್ಲು. ನಿನ್ನ ದನಿಯಲ್ಲೇ. ನನಗೆ ಉರಿದುಹೋಯ್ತು, ಆಡ್ಕೊಳ್ಳೋಕೆ ಬಂದಿದಾಳೆ ಅಂತ. ಕೋಲು ಎತ್ಕೊಂಡು ಹೋದೆ."

ಹುಡುಗಿ ಓಡಲಿಲ್ಲವಂತೆ. ಅಂಗಿಯೊಳಗಿಂದ ಚಿಂದಿಯಲ್ಲಿ ಸುತ್ತಿದ ಕಾಲುವೆ ಮಣ್ಣಿನ ಮುದ್ದೆ ತೆಗೆದು, ಎರಡೂ ಕೈಯಲ್ಲಿ ಹಿಡಿದು ನೀಡಿದಳಂತೆ. ಮಬ್ರೂಕಾಗೆ ಮೇವು ಹೇಗಿದ್ದರೆ ಆಗುತ್ತಿತ್ತು ಅಂತ ಕೇಳಿದಳಂತೆ.

"ನಾನು ಹೇಳ್ದೆ ತಫೀದಾ. ಕೋಲು ಕೆಳಗೆ ಹಾಕಿ ಅಲ್ಲೇ ಕೂತ್ಕೊಂಡು ಹೇಳ್ದೆ. ಇಬ್ಬನಿ ಒಣಗಿರ್ಬಾರ್ದು ಮೇವಿನ ಮೇಲೆ, ಒಣಗಿದ್ರೆ ಮುಖ ತಿರುಗಿಸ್ತಿತ್ತು ಅಂದೆ. ಕುತ್ತಿಗೆ ಕೆಳಗೆ ಕೆರೆದ್ರೆ ಕಣ್ಣು ಮುಚ್ತಿತ್ತು ಅಂದೆ. ಕಣ್ಣೀರು ಇಳೀತಾ ಇತ್ತು. ಅಷ್ಟು ಚಿಕ್ಕದರ ಮುಂದೆ. ಅದು ಹ್ಞೂಂ ಹ್ಞೂಂ ಅಂತ ಕೇಳಿಸ್ಕೊಂಡು, ನೀನು ಮಾಡ್ತೀಯಲ್ಲ ಹಂಗೆ, ಆಯ್ತು ನಾದು ಅಂತು. ಮಣ್ಣನ್ನ."

"ನಾದಿದ್ಯಾ?" ತಫೀದಾ ಕೇಳುತ್ತಾರೆ.

"ಇಬ್ರೂ ನಾದಿದ್ವಿ. ಸಣ್ಣ ರೊಟ್ಟಿ ಮಾಡಿ, ಅಂಚಿಗೆ ಕಿವಿ ಸೀಳಿ ಬಿಸಿಲಿಗಿಟ್ಟು ಹೋದ್ಲು. ನಿನಗೆ ಹೇಳ್ಬೇಡ ಅಂದಿದ್ಲು, ಬೈತೀಯ ಅಂತ. ಎಮ್ಮೆಗೆ ಅತ್ತಿದ್ದು ಗೊತ್ತಾಗ್ತದೆ ಅಂತ ನಾನೂ ಹೇಳ್ಲಿಲ್ಲ. ಅವಳು ಸತ್ತಾಗ ಹೇಳ್ಬೇಕಿತ್ತು. ನಿನ್ನ ಮುಂದೆ ಬಾಯಿ ಬರ್ಲಿಲ್ಲ." ಸಕೀನಾ ಬಟ್ಟೆ ಬಿಚ್ಚಿ ಹೆಪ್ಪನ್ನು ತಫೀದಾ ಅವರ ಅಂಗೈಗೆ ಹಾಕುತ್ತಾರೆ. "ಸೊಸೆ ಕಳಿಸಿದ್ದು ಅವಳ ಲೆಕ್ಕಕ್ಕಾಯ್ತು. ನಾನು ಬಂದಿದ್ದು ಆ ಹುಡುಗಿ ಸಾಲಕ್ಕೆ."

ಮಗಳ ಎಲ್ಲ ಸಂಗತಿಗಳೂ ತಮ್ಮ ಹತ್ತಿರವೇ ಇವೆ, ಇದ್ದಷ್ಟೇ ಇನ್ನು ಮುಂದೆ ಅಂದುಕೊಂಡು ಮೂರು ವರ್ಷ ಕಳೆದ ತಾಯಿ ಹೆಪ್ಪನ್ನು ಹಿಡಿದುಕೊಂಡು ಕೂತಿದ್ದಾರೆ. ಬೋಗುಣಿಗೆ ಹಾಕಬೇಕು ಅನ್ನುವುದು ಮರೆತಿದೆ. ಕಣ್ಣಿನಿಂದ ಇಳಿದದ್ದನ್ನು ಒರೆಸಿಕೊಳ್ಳುವುದಿಲ್ಲ.

"ಆವತ್ತು ಯಾವ ಅಂಗಿ ಹಾಕಿದ್ಲು?"

"ಅಯ್ಯೋ, ಅದೆಲ್ಲಿ ನೆನಪಿರ್ತದೆ. ಎಷ್ಟು ವರ್ಷ ಆಯ್ತು."

"ಜಡೆ ಹೆಣೆದಿತ್ತಾ, ಬಿಟ್ಕೊಂಡಿದ್ಲಾ?"

"ತಫೀದಾ..."

"ನೆನಪು ಮಾಡ್ಕೊ" ಅನ್ನುತ್ತಾರೆ ತಫೀದಾ, ಬೋಗುಣಿಯನ್ನು ತಮ್ಮಿಬ್ಬರ ನಡುವೆ ಸರಿಸುತ್ತ. "ಗಾಳಿ ಇದೆ, ಬಿಸಿಲು ಬಂದಿಲ್ಲ. ಹಿಟ್ಟು ಉಬ್ಬೋಕೆ ಇನ್ನೂ ಬೇಕಾದಷ್ಟು ಹೊತ್ತಿದೆ."